ಚೀಟಿಯಲ್ಲಿ ಬಂದ ಪಕ್ಷ

ಎಜ್‌ಬಾಸ್ಟನ್, ಬರ್ಮಿಂಗ್‌ಹ್ಯಾಮ್
16 ಮಾರ್ಚ್ 2025, ಭಾನುವಾರ ಬೆಳಿಗ್ಗೆ

ಪ್ರೀತಿಯ ರಾಜಶೇಖರ,

ಭುಜದ ನೋವು ಹೇಗಿದೆ? ವ್ಯಾಯಾಮ ತಪ್ಪಿಸುತ್ತಿಲ್ಲ ಎಂದು ನೀನು ಫೋನಿನಲ್ಲಿ ಹೇಳುವ ಧಾಟಿ ನನಗೆ ಗೊತ್ತು, ನನ್ನ ರೋಗಿಗಳೂ ಅದೇ ಧಾಟಿಯಲ್ಲಿ ಹೇಳುತ್ತಾರೆ. ಅರಿವಳಿಕೆ ಕೊಟ್ಟು ಊರವರನ್ನೆಲ್ಲ ನಿದ್ದೆ ಮಾಡಿಸುವ ಕೆಲಸದವನು ತಾನು ನಿದ್ದೆ ಮಾಡುತ್ತಿದ್ದಾನೋ ಇಲ್ಲವೋ ಎನ್ನುವುದು ಇನ್ನೊಂದು ಅನುಮಾನ. ಇಲ್ಲಿ ನಾವಿಬ್ಬರೂ ಆರೋಗ್ಯ. ಇಂಚರಾಳ ಕೆಮ್ಮು ಪೂರ್ತಿ ಹೋಯಿತು. ನನಗೆ ಹೊಸ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡರೆ ನಾನು ನಿನ್ನ ಅಕ್ಕನ ಹಾಗೆ ಕಾಣುತ್ತೇನಂತೆ. ಮಗಳು ಹೇಳಿದ್ದು, ನಗದೆ ಹೇಳಿದಳು. ಹಿಂದಿನ ತೋಟದಲ್ಲಿ ನೀನು ನೆಟ್ಟ ಕರಿಬೇವು ಈ ಚಳಿಗೂ ಸತ್ತಿಲ್ಲ. ಬೆಳೆದಿದೆ ಎಂದೂ ಹೇಳಲಾರೆ.

ಫೋನ್ ಇರುವಾಗ ಕಾಗದ ಯಾಕೆ ಅಂದುಕೊಳ್ಳಬೇಡ. ನಿನಗೆ ಬೆಳಗಾದಾಗ ನನಗೆ ರಾತ್ರಿ, ಇಬ್ಬರಲ್ಲಿ ಒಬ್ಬರು ಯಾವಾಗಲೂ ದಣಿದಿರುತ್ತೇವೆ. ಅದೂ ಅಲ್ಲದೆ ನಾನು ವಾಕ್ಯ ಮುಗಿಸುವ ಮೊದಲೇ ನಿನಗೆ ಅದರ ಕೊನೆ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ನಿನ್ನ ಊಹೆ ಸರಿಯೇ ಇರುತ್ತದೆ, ಆದರೂ ವಾಕ್ಯ ನನ್ನದಾಗಿ ಉಳಿಯುವುದಿಲ್ಲ. ವಿಷಯ ನಿನಗೆ ಗೊತ್ತಿರುವುದೇ. ಪರೀಕ್ಷೆ ಮುಗಿಸಿ ಜುಲೈನಲ್ಲಿ ಇಂಚರಾ ನೀನು ಕೆಲಸಕ್ಕೆಂದು ಹೋಗಿರುವ ಹ್ಯಾಮಿಲ್ಟನ್ನಿನ ಶಾಲೆಗೆ ಸೇರಬೇಕೋ ಬೇಡವೋ ಎಂಬುದು. ಸೀಟು ಹಿಡಿದಿಟ್ಟಿದ್ದಾರೆ, ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಕೊಡಬೇಕು. "ಅವಳೇ ಒಪ್ಪಿದಾಳಲ್ಲ ಮಾಳವಿಕಾ, ಎಷ್ಟು ಅಚ್ಚುಕಟ್ಟಾಗಿ ಕಾರಣ ಕೊಟ್ಟಳು ಗೊತ್ತಾ, ನನಗೇ ಒಂದೂ ಹೊಳೆದಿರಲಿಲ್ಲ" ಎಂದು ಹೋದ ವಾರ ಎಷ್ಟು ಖುಷಿಯಿಂದ ಹೇಳಿದೆ. ಆ ಅಚ್ಚುಕಟ್ಟುತನವೇ ನನಗೆ ತೊಡಕಾಗಿದೆ. ಅವಳಿಗೆ ನಿಜವಾಗಿ ಏನು ಬೇಕು ಎನ್ನುವುದು ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಈಗ ಅನ್ನಿಸುತ್ತಿದೆ. ಹೀಗನ್ನಿಸಲು ಕಾರಣ ಅವಳ ಚರ್ಚಾಕೂಟ, ಆದ್ದರಿಂದ ಅಲ್ಲಿಂದಲೇ ಹೇಳಬೇಕು.

ಅವಳ ಶಾಲೆಯನ್ನು ನೀನು ಪೇರೆಂಟ್ಸ್ ಈವ್ನಿಂಗ್‌ಗಳಲ್ಲಿ ಮಾತ್ರ ನೋಡಿದ್ದೀಯ, ಅದೂ ಗಡಿಯಾರ ನೋಡಿಕೊಂಡು. ಪ್ರವೇಶ ಪರೀಕ್ಷೆಯ ಗ್ರಾಮರ್ ಸ್ಕೂಲ್ ಕೈತಪ್ಪಿ ಅವಳು ಹ್ಯಾಂಡ್ಸ್‌ವರ್ತ್‌ನ ಈ ಶಾಲೆಗೆ ಹೋಗಬೇಕಾದಾಗ ನೀನು ಅದನ್ನು ಒಂದು ಅಪಘಾತವೆಂಬಂತೆ ಸ್ವೀಕರಿಸಿದೆ, ನಾನು ಹವಾಮಾನವೆಂಬಂತೆ. ಗುರುವಾರ ಶಾಲೆ ಬಿಟ್ಟ ಮೇಲೆ ಅಲ್ಲಿಯ ಜಿಯಾಗ್ರಫಿ ಕೋಣೆಯಲ್ಲಿ ಚರ್ಚೆ ನಡೆಯುತ್ತದೆ. ನಡೆಸುವವಳು ಇಫ್ರಾ, ಅದೇ ಶಾಲೆಯಲ್ಲಿ ಓದಿ ಈಗ ಕಾನೂನು ಓದುತ್ತಿರುವ ಸೊಮಾಲಿ ಹುಡುಗಿ. ನಮ್ಮ ಇಂಚರಾಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬಹುದು, ಆದರೆ ಮಾತಿನಲ್ಲಿ ನಮ್ಮಿಬ್ಬರಿಗಿಂತ ಹಿರಿಯಳು. ಅವಳ ಉಲ್ಲನ್ ಟೊಪ್ಪಿಯಲ್ಲಿ ಚೀಟಿಗಳಿರುತ್ತವೆ. ಇಬ್ಬಿಬ್ಬರ ಜೋಡಿ, ಒಬ್ಬರು ಹೋಗಿ ಚೀಟಿ ಎತ್ತಬೇಕು. ಪರವೋ ವಿರೋಧವೋ ಚೀಟಿ ಹೇಳುತ್ತದೆ, ನೀನು ಏನು ನಂಬುತ್ತೀಯ ಎಂದು ಯಾರೂ ಕೇಳುವುದಿಲ್ಲ. ವಿಷಯ ಕೊಟ್ಟು ಹದಿನೈದು ನಿಮಿಷಕ್ಕೆ ಎದ್ದು ಮಾತಾಡಬೇಕು, ಇಂಟರ್ನೆಟ್ ಇಲ್ಲ, ಟೀಚರ್ ಇಲ್ಲ. ಕಾರಿಡಾರಿನ ನೆಲದ ಮೇಲೆ ಕೂತು ಚಿಪ್ಸ್ ತಿನ್ನುತ್ತಾ ಈ ಮಕ್ಕಳು ವ್ಯಾಪಾರ ಸುಂಕದ ಬಗ್ಗೆ, ಜೈಲುಗಳ ಬಗ್ಗೆ, ಆರ್ಕ್‌ಟಿಕ್‌ನ ಗಣಿಗಳ ಬಗ್ಗೆ ಪಿಸುಗುಡುವುದನ್ನು ನೋಡಿದರೆ ಏನೋ ಸಂಚು ನಡೆದಿದೆ ಅನ್ನಿಸಬೇಕು. ಮೊದಲ ದಿನ ನನಗೆ ಬಳ್ಳಾರಿ ನೆನಪಾಯಿತು. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಿನ್ನ ಹೆಸರು ಯಾವಾಗಲೂ 'ಪರ'ದಲ್ಲಿ. ಮೂರು ವಾರ ಮೊದಲೇ ಗೊತ್ತಾದ ವಿಷಯ, ಬಾಯಿಪಾಠವಾದ ಭಾಷಣ, 'ಸನ್ಮಾನ್ಯ ನಿರ್ಣಾಯಕರೇ' ಎಂದು ನೀನು ಎರಡೂ ಕೈ ಜೋಡಿಸುವಾಗ ಹಿಂದಿನ ಬೆಂಚಿನವರ ಶಿಳ್ಳೆ. ನೀನು ನಂಬಿದ್ದನ್ನೇ ಮಾತಾಡುತ್ತಿದ್ದೆ, ಅಥವಾ ಮಾತಾಡಿದ್ದನ್ನು ಆಮೇಲೆ ನಂಬುತ್ತಿದ್ದೆ. ಯಾವುದು ಮೊದಲು ಎಂದು ನಾನು ಅವತ್ತೂ ಕೇಳಲಿಲ್ಲ.

ಶಾಲೆ ಶಾಲೆಗಳ ನಡುವಿನ ಚರ್ಚಾಲೀಗಿಗೆ ತೀರ್ಪುಗಾರರು ಸಾಲದೆಂದು ತಂದೆತಾಯಿಗಳಿಗೂ ಒಂದು ಶನಿವಾರ ತರಬೇತಿ ಕೊಟ್ಟರು. ನಾನೂ ಹೋದೆ. ಸ್ವಂತ ಮಕ್ಕಳು ಮಾತಾಡುವ ಕೋಣೆಗೆ ನಮ್ಮನ್ನು ಹಾಕುವುದಿಲ್ಲ, ಅದೊಂದು ನಿಯಮ. ಮ್ಯಾಂಚೆಸ್ಟರಿನಲ್ಲಿ ನನಗೆ ಬಂದ ಮೊದಲ ಕೋಣೆಯಲ್ಲಿ ವಿಷಯ, ಹದಿನಾರು ತುಂಬದವರಿಗೆ ಎನರ್ಜಿ ಡ್ರಿಂಕ್ ಮಾರಕೂಡದು ಎಂಬುದು. ಪರವಾಗಿ ಮಾತಾಡಿದ ಹುಡುಗಿ ನಡುಗುತ್ತಿದ್ದಳು, 'ಅದು ಎದೆಗೆ ಒಳ್ಳೆಯದಲ್ಲ' ಎಂದಷ್ಟೇ ಹೇಳಿ ಮುಂದೆ ಹೋದಳು. ನಾನು ಅವಳನ್ನು ಗೆಲ್ಲಿಸಿದೆ. ಯಾಕೆ ಗೆದ್ದಳೆಂದು ಎಲ್ಲರೆದುರು ವಿವರಿಸಬೇಕಲ್ಲ, ಎದೆಬಡಿತ, ನಿದ್ದೆ, ರಕ್ತದೊತ್ತಡ ಎಂದು ಚೆನ್ನಾಗಿಯೇ ವಿವರಿಸಿದೆ. ಸೋತ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಇಫ್ರಾ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ಡಾಕ್ಟರ್, ಈ ಚರ್ಚೆಯನ್ನು ನೀವು ಗೆದ್ದಿರಿ. ತೊಂದರೆ ಏನಂದರೆ ನೀವು ಅದರಲ್ಲಿ ಇರಲಿಲ್ಲ" ಎಂದಳು. ಆ ಮಗು ಹೇಳದೇ ಇದ್ದದ್ದನ್ನೆಲ್ಲ ನಾನು ಅದರ ಪರವಾಗಿ ತುಂಬಿಕೊಂಡಿದ್ದೆ. ಅದು ಇಲ್ಲಿ ದೊಡ್ಡ ತಪ್ಪು. ಹೇಳಿದ್ದನ್ನು ಮಾತ್ರ ಕೇಳಬೇಕು. ನನಗೆ ನಗು ಬಂತು. ಹೇಳದೇ ಇದ್ದದ್ದನ್ನು ಕೇಳಿಸಿಕೊಳ್ಳುವುದೇ ನನ್ನ ಇಪ್ಪತ್ತು ವರ್ಷದ ಕಸುಬು. ಮೊಣಕಾಲು ನೋವೆಂದು ಬಂದವಳು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ಹೊರಡುವಾಗ ಗಂಡನ ವಿಷಯ ಹೇಳುತ್ತಾಳೆಂದು ನನಗೆ ಮೊದಲೇ ಗೊತ್ತಿರಬೇಕು. ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ಬೇರೆ ದಾರಿಯಿಲ್ಲ. ಇಫ್ರಾಗೆ ಹಾಗೆಂದೆ. "ನಿಮ್ಮ ಕ್ಲಿನಿಕ್ಕಿನಲ್ಲಿ ಮಾಡಿ, ಇಲ್ಲಿ ಮಾಡಬೇಡಿ" ಎಂದಳು. ಮುಂದಿನ ಕೋಣೆಯಿಂದ ಮಾಡಲಿಲ್ಲ.

ಮನೆಯಲ್ಲಿ ಈ ವಿದ್ಯೆ ಹೇಗೆ ನಡೆದಿದೆ ಎನ್ನುತ್ತೀಯಾ. ಉಪ್ಪಿಟ್ಟು ಬೇಡ ಎಂದು ಇಂಚರಾ ವಾದ ಶುರುಮಾಡಿ ನಾನು ಸೋತು ಬ್ರೆಡ್ ತೆಗೆದರೆ, "ಸರಿ, ಈಗ ಉಪ್ಪಿಟ್ಟಿನ ಪರ" ಎಂದು ಅದನ್ನೂ ಗೆಲ್ಲುತ್ತಾಳೆ, ತಟ್ಟೆಗೂ ಹಾಕಿಸಿಕೊಳ್ಳುತ್ತಾಳೆ. ಅವಳ ಜೋಡಿ ಹರ್ಲೀನ್ ಬಂದರಂತೂ ಊಟದ ಮೇಜಿನ ಮೇಲೆ ಎರಡು ಸರ್ಕಾರ. ಹರ್ಲೀನ್ ಅವಳ ಕ್ಲಾಸಿನವಳೇ, ಸೋಹೋ ರೋಡಿನಲ್ಲಿ ಅವಳ ಅಜ್ಜಿಯ ಬಟ್ಟೆ ಅಂಗಡಿಯಿದೆ. ನನ್ನ ಸಾರು ಕುಡಿದು "ಆಂಟಿ, ಇದು ಸೂಪಾ, ಎಚ್ಚರಿಕೆಯಾ?" ಎಂದು ಕೇಳುವವಳು. ಇಂಚರಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ನಿನಗೆ ಗೊತ್ತು. ಈ ಕಾಗದದಲ್ಲಿ ಅವಳ ಮಾತೆಲ್ಲ ನಾನು ಕನ್ನಡಕ್ಕೆ ತಂದದ್ದು.

ಹೋದ ಶನಿವಾರ ಲೀಡ್ಸ್‌ನಲ್ಲಿ ಫೈನಲ್. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಬ್ರಾಡ್‌ಫರ್ಡ್, ಹಡರ್ಸ್‌ಫೀಲ್ಡ್, ಎಲ್ಲ ಕಡೆಯ ನಡು ಊರಿನ ಶಾಲೆಗಳು. ಯಾವ ಶಾಲೆಗೂ ಹೇಳಿಕೊಳ್ಳುವಂಥ ಮೈದಾನವಿಲ್ಲ, ಎಲ್ಲಕ್ಕೂ ಒಂದೊಂದು ಚರ್ಚಾಕೂಟವಿದೆ. ನಮ್ಮ ಇಬ್ಬರು ಕೊನೆಯ ಸುತ್ತಿಗೆ ಬಂದದ್ದರಿಂದ ನಾನು ತೀರ್ಪುಗಾರಳಲ್ಲ, ಸುಮ್ಮನೆ ಪ್ರೇಕ್ಷಕಿ. ವಿಷಯ ಓದಿದರು. ಸರ್ಕಾರದ ದುಡ್ಡಿನಲ್ಲಿ ಓದಿದ ವೈದ್ಯರು ದೇಶ ಬಿಟ್ಟು ಹೋಗದಂತೆ ಕಾನೂನು ಬರಬೇಕು. ಸಭೆಯಲ್ಲಿ ಅರ್ಧ ಜನ ಯಾರದೋ ವೈದ್ಯ ಅಪ್ಪ, ನರ್ಸ್ ಅಮ್ಮ. ಒಂದು ಸಣ್ಣ ನಗೆ ಹರಿದಾಡಿತು. ಚೀಟಿಯ ಬದಲು ಇಲ್ಲಿ ನಾಣ್ಯ ಚಿಮ್ಮಿದರು. ಇಂಚರಾ, ಹರ್ಲೀನ್, ಪರ.

ನೀನು ನೋಡಬೇಕಿತ್ತು. ಮುಖಸ್ತುತಿಯಲ್ಲ, ನೋಡಬೇಕಿತ್ತು ಅಷ್ಟೆ. ಅವಳು ಎದ್ದು, ಕಾಗದವನ್ನು ಮೇಜಿನ ಮೇಲೇ ಬಿಟ್ಟು, ನಿನ್ನಿಂದ ಶುರುಮಾಡಿದಳು. ಹೆಸರು ಹೇಳಲಿಲ್ಲ. ಬಿಸಿಲಿನ ಒಂದು ಊರು ಒಬ್ಬ ಹುಡುಗನಿಗೆ ಜನರನ್ನು ನೋವಿಲ್ಲದೆ ಮಲಗಿಸುವುದನ್ನು ಕಲಿಸಿತು. ಅವನು ಆ ವಿದ್ಯೆಯನ್ನು ಮಳೆಯ ಊರಿಗೆ ತಂದ. ಈಗ ಅದನ್ನು ಎತ್ತಿಕೊಂಡು ಭೂಮಿಯ ಆ ಕೊನೆಗೆ ಹೋಗಿದ್ದಾನೆ. ಬಿಸಿಲೂರಿನಲ್ಲಿ ಈಗಲೂ ಒಬ್ಬರು ಆಪರೇಷನ್ನಿಗೆ ಕಾಯುತ್ತಿದ್ದಾರೆ. ಎದುರು ಪಕ್ಷದವರು ನಡುವೆ ಎದ್ದು ಪ್ರಶ್ನೆ ಕೇಳಬಹುದು, ಮಾತಾಡುವವರು ಬೇಡವೆಂದರೆ ಕೂರಬೇಕು. ಇಬ್ಬರನ್ನು ಅವಳು ಅಂಗೈ ಆಡಿಸಿ ಕೂರಿಸಿದಳು. ಹಡರ್ಸ್‌ಫೀಲ್ಡಿನ ಹುಡುಗಿ ಮೂರನೆಯ ಸಲ ಎದ್ದಾಗ, ಸರಿ ಕೇಳು ಎಂದಳು. "ನಿಮ್ಮ ಕಾನೂನು ಇದ್ದಿದ್ದರೆ ನೀವು ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟುತ್ತಿದ್ದಿರಾ?" ಒಳ್ಳೆಯ ಏಟು. ಇಂಚರಾ ಒಂದು ಕ್ಷಣವೂ ತಡೆಯದೆ, "ಇಲ್ಲ, ಬಳ್ಳಾರಿಯಲ್ಲಿ ಹುಟ್ಟಿ, ಇದನ್ನೇ ಇನ್ನೂ ಒಳ್ಳೆಯ ಹವೆಯಲ್ಲಿ ಮಾತಾಡುತ್ತಿದ್ದೆ" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಅನುಮಾನ ಬಂತು. ಇದು ಚೀಟಿಯ ಮಾತೋ, ಅಪ್ಪನ ಮೇಲಿನ ಸಿಟ್ಟೋ? ನನ್ನ ಕಸುಬಿನ ಕಿವಿ ಒಂದು ಹೇಳಿತು, ಇಫ್ರಾ ಕಲಿಸಿದ ಕಿವಿ ಇನ್ನೊಂದು. ಎರಡೂ ಖಾತ್ರಿಯಾಗಿ ಹೇಳಲಿಲ್ಲ. ಅವರು ಗೆದ್ದರು. ಆ ಹಡರ್ಸ್‌ಫೀಲ್ಡಿನ ಹುಡುಗಿ ಬಂದು ಅವಳನ್ನು ತಬ್ಬಿಕೊಂಡು, "ಪಾಪ, ನಿನ್ನ ಅಪ್ಪ!" ಎಂದಳು.

ವಾಪಸ್ಸು ರೈಲಿನಲ್ಲಿ, ಶೆಫೀಲ್ಡ್ ದಾಟಿದ ಮೇಲೆ, ಹುಡುಗಿಯರು ಗೆದ್ದ ಕಪ್ ಅನ್ನು ಎದುರಿನ ಸೀಟಿನ ಮೇಲೆ ಕೂರಿಸಿ ಅದಕ್ಕೂ ಟಿಕೆಟ್ ಬೇಕೇ ಎಂದು ವಾದಿಸುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಿ, "ಇಂಚರಾ, ಅಪ್ಪನ ಬಗ್ಗೆ ಹೇಳಿದ್ದು ನಿಜವಾಗಿ ಹೇಳಿದ್ದಾ?" ಎಂದೆ. ಹರ್ಲೀನ್ ಎರಡೂ ಕೈ ಬಾಯಿಗಿಟ್ಟುಕೊಂಡು, "ಆಂಟಿ! ಅದನ್ನು ಕೇಳಕೂಡದು!" ಎಂದು ಕಿರುಚಿದಳು, ನಾನು ಯಾರದೋ ಸಂಬಳ ಕೇಳಿದ ಹಾಗೆ. ಇಂಚರಾ ಮಾತ್ರ ಬೇಸರವಿಲ್ಲದೆ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ, "ಅಮ್ಮಾ, ಅದು ನಮಗೆ ಬಂದ ಪಕ್ಷ" ಎಂದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಆಗ ನನಗೆ ಒಂದು ಸಂಗತಿ ಹೊಳೆಯಿತು, ಅದಕ್ಕೇ ಈ ಕಾಗದ.

ನೆನಪಿಸಿಕೋ. ಹೋದ ಶರತ್ಕಾಲದಲ್ಲಿ ನಾನು ಇಲ್ಲೇ ಇರೋಣ ಎಂದು ಹಟ ಹಿಡಿದಿದ್ದೆ. ಆಗ ಅವಳು ನನ್ನೆದುರು ಕೂತು ಇರುವುದರ ಪರವಾಗಿ ಎಷ್ಟೊಂದು ಹೇಳಿದಳು. ಓದು ನಡುವೆ ಕಡಿಯುತ್ತದೆ, ಮುಂದಿನ ಎರಡು ವರ್ಷದ ಸಿಕ್ಸ್ತ್ ಫಾರ್ಮ್ ಇಲ್ಲಿ ಒಳ್ಳೆಯದು, ಅಮ್ಮನ ರೋಗಿಗಳನ್ನು ಯಾರು ನೋಡುತ್ತಾರೆ. ನಿನ್ನ ಫೋನ್ ಬಂದಾಗ ಮೇಲಿನ ಕೋಣೆಗೆ ಹೋಗಿ ಹೋಗುವುದರ ಪರವಾಗಿ ಅಷ್ಟೇ ಹೇಳುತ್ತಿದ್ದಳಂತೆ. ಫೆಬ್ರುವರಿಯಲ್ಲಿ ನೀನು ಕಳಿಸಿದ ಮನೆಯ ಫೋಟೋ ನೋಡುತ್ತಾ ನಾನು ಊಟದ ಹೊತ್ತಿಗೆ, "ಹಿಂದುಗಡೆ ನದಿ ಇದೆಯಂತೆ ಕಣೇ" ಎಂದೆ. ಅಷ್ಟೇ ಅಂದದ್ದು. ಮೊಸರನ್ನ ಮುಗಿಯುವುದರೊಳಗೆ ಅವಳು ನದಿಯ ಪರ. ಅಪ್ಪ ಒಂಟಿ, ಗಾಳಿ ಚೆನ್ನಾಗಿದೆ, ಅಲ್ಲೂ ಚರ್ಚಾಲೀಗ್ ಇದೆ. ನಾನು ಸಂತೋಷಪಟ್ಟೆ, ಅವಳೇ ಮನಸ್ಸು ಬದಲಾಯಿಸಿದಳೆಂದು. ಅವಳು ಬದಲಾಯಿಸಿದ್ದು ಪಕ್ಷವನ್ನು. ನಮ್ಮಿಬ್ಬರಲ್ಲಿ ಯಾರ ಕೋಣೆಗೆ ಬಂದರೂ ಬಾಗಿಲಲ್ಲೇ ಅವಳ ಕೈಗೆ ಒಂದು ಚೀಟಿ ಇಟ್ಟಿದ್ದೇವೆ. ಹೋಗುವ ವಿಷಯಕ್ಕೆ ನಿನ್ನದರಲ್ಲಿ 'ಪರ', ನನ್ನದರಲ್ಲಿ ಅಕ್ಟೋಬರಿನಲ್ಲಿ 'ವಿರೋಧ', ಫೆಬ್ರುವರಿಯಲ್ಲಿ 'ಪರ'. ಅವಳು ಸುಳ್ಳು ಹೇಳಲಿಲ್ಲ. ಬಂದದ್ದನ್ನು ಚೆನ್ನಾಗಿ ಮಾತಾಡಿದಳು. ಅಷ್ಟು ಚೆನ್ನಾಗಿ ಮಾತಾಡಿದ್ದರಿಂದಲೇ ನಾವು ಕೇಳಲಿಲ್ಲ.

ಇದನ್ನು ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ. ನನಗೂ ಬರಬೇಕೆಂದಿದೆ, ಅದನ್ನು ನಿನಗೆ ಇಲ್ಲಿಯವರೆಗೆ ಹೇಳಿಲ್ಲ. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಆ ಮನೆಯ ಫೋಟೋ ತೆಗೆದು ನೋಡುತ್ತೇನೆ. ಅದರ ಗಿಡ್ಡ ಮರದ ಬೇಲಿಯ ಮೇಲೆ ನೀನು ಒಗೆದು ಹಾಕಿರುವ ಟವಲ್ ಸಹ ನನಗೆ ಪರಿಚಯವಾಗಿದೆ. ಅಲ್ಲಿಯ ಮೆಡಿಕಲ್ ಕೌನ್ಸಿಲ್‌ಗೆ ನೋಂದಣಿಗೆ ಅರ್ಜಿ ಹಾಕಿದ್ದೇನೆ. ದೇಶ ಬದಲಾಯಿಸಲು ಐವತ್ತೊಂದು ಹೆಚ್ಚಾಯಿತು ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದವಳು, ಈಗ ನೋಡಿದರೆ ಅಷ್ಟೇನೂ ಹೆಚ್ಚಲ್ಲ. ಆದ್ದರಿಂದ ನಾನು ಅವಳನ್ನು ಕೇಳಹೊರಟಿರುವುದು ನನ್ನ ಕಡೆ ಎಳೆದುಕೊಳ್ಳಲು ಅಲ್ಲ, ಬರುವ ಮನಸ್ಸಿನಿಂದಲೇ. ಇವತ್ತು ಎದ್ದು ಕೆಳಗೆ ಬಂದಾಗ ಕೇಳುತ್ತೇನೆ. ಬಹುಶಃ ಹೋಗೋಣ ಎಂದೇ ಹೇಳುತ್ತಾಳೆ, ಆಗ ನೀನು ಆ ಶಾಲೆಗೆ ಹ್ಞೂಂ ಎಂದು ಬರೆದುಬಿಡು. ಇಷ್ಟೊಂದು ಬರೆದದ್ದು ವ್ಯರ್ಥವಾದರೂ ಚಿಂತೆಯಿಲ್ಲ. ನಮ್ಮ ಮಗಳು ಯಾವ ಸಭೆಯಲ್ಲೂ ಕಂಗೆಡುವವಳಲ್ಲ ಎಂದಾದರೂ ನಿನಗೆ ಗೊತ್ತಾಯಿತು. ಹ್ಯಾಂಡ್ಸ್‌ವರ್ತ್ ಅವಳಿಗೆ ಮಾಡಿದ್ದು ಅದು. ನೀನು ಹೆದರಿದ್ದ ಯಾವುದನ್ನೂ ಮಾಡಲಿಲ್ಲ.

ವ್ಯಾಯಾಮ ಮಾಡು. ಕತ್ತಲಾಗುವ ಮೊದಲು ಸ್ವಲ್ಪ ನದಿಯ ಕಡೆ ನಡೆದು ಬಾ, ನನ್ನ ಪಾಲಿನದನ್ನೂ ಸೇರಿಸಿ. ಅಕ್ಕನಿಗೆ ಫೋನ್ ಮಾಡಿದಾಗ ಕನ್ನಡಕದ ವಿಷಯ ಹೇಳಬೇಡ. ಹರ್ಲೀನ್ ನಿನಗೆ ನಮಸ್ಕಾರ ಹೇಳಿದ್ದಾಳೆ, ಫೈನಲ್ಲಿನಲ್ಲಿ ನಿನ್ನನ್ನು ಬಳಸಿಕೊಂಡದ್ದಕ್ಕೆ ಕ್ಷಮೆಯನ್ನೂ ಕೇಳಿದ್ದಾಳೆ. ಇಂಚರಾ ಕೇಳಿಲ್ಲ.

ಬೇಲಿಯ ಈಚೆಯಿಂದ,
ನಿನ್ನ
ಮಾಳವಿಕಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು, ಅವಸರದಲ್ಲಿ. ಮೇಲಿನದನ್ನು ತಿದ್ದುವುದಿಲ್ಲ, ಬರೆಯುವಾಗ ಅದು ನಿಜವೇ ಆಗಿತ್ತು. ಇಂಚರಾ ಕೆಳಗೆ ಬಂದು ಟೋಸ್ಟ್ ಮಾಡಿಕೊಳ್ಳುತ್ತಿದ್ದಳು. ಕೇಳಿದೆ. ಮರೆಮಾಚಲಿಲ್ಲ, ಅರ್ಜಿ ಹಾಕಿದ್ದನ್ನೂ ಹೇಳಿದೆ. ಅಪ್ಪನಿಗೂ ಹೋಗಬೇಕು, ನನಗೂ ಹೋಗಬೇಕು, ನಿನಗೇನು ಬೇಕು ಎಂದೆ. ಅವಳು ಬೆಣ್ಣೆ ಸವರುತ್ತಲೇ ಇದ್ದಳು, ಬ್ರೆಡ್ಡಿನ ಅಂಚಿನವರೆಗೂ. ಆಮೇಲೆ ಕನ್ನಡದಲ್ಲಿ ಹೇಳಿದಳು, ಇದು ನನ್ನ ಅನುವಾದವಲ್ಲ: "ನಾ ಬರಲ್ಲ ಅಮ್ಮಾ. ಇಲ್ಲೇ ಇರ್ತೀನಿ." ಯಾಕೆ ಎಂದೆ. "ಗೊತ್ತಿಲ್ಲ." ಹರ್ಲೀನ್‌ಗೋಸ್ಕರವಾ, ಶಾಲೆಗೋಸ್ಕರವಾ ಎಂದೆ. "ಗೊತ್ತಿಲ್ಲಮ್ಮಾ. ಇರ್ತೀನಿ, ಅಷ್ಟೇ." ಇಷ್ಟು ಕೆಟ್ಟದಾಗಿ ಮಾತಾಡಿದ್ದನ್ನು ಅವಳ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ, ಅದಕ್ಕೇ ನಂಬಿದೆ. ಆ ಶಾಲೆಗೆ ಬೇಡವೆಂದು ಬರೆದುಬಿಡು. ಸಿಕ್ಸ್ತ್ ಫಾರ್ಮ್ ಮುಗಿಯುವವರೆಗೆ ನಾನು ಅವಳ ಜೊತೆ ಇಲ್ಲೇ ಇರುತ್ತೇನೆ. ನನಗೆ ಬೇಸರವಿದೆ, ಅನುಮಾನವಿಲ್ಲ. ನೀನು ಅಲ್ಲೇ ಇರುವುದೋ ಹಿಂದಿರುಗುವುದೋ ನಿಧಾನವಾಗಿ ಯೋಚಿಸು. ನಿನಗೆ ಈ ಕಾಗದ ತಲುಪುವವರೆಗೆ ಅವಳು ಫೋನಿನಲ್ಲಿ ಈ ಮಾತು ಎತ್ತುವುದಿಲ್ಲ. ತಲುಪಿದ ದಿನ ನೀನೇ ಅವಳಿಗೆ ಫೋನ್ ಮಾಡು. ಆಗಲಿ ಮಗಳೇ ಎನ್ನು. ಯಾಕೆ ಎಂದು ಮಾತ್ರ ಕೇಳಬೇಡ ರಾಜಶೇಖರ. ಕೇಳಿದರೆ ಅವಳು ಕಾರಣ ಹುಡುಕಲು ಶುರುಮಾಡುತ್ತಾಳೆ, ಅದು ಚರ್ಚೆಯಾಗುತ್ತದೆ, ನೀನು ಗೆದ್ದುಬಿಡುತ್ತೀಯ.